ಮನೆಯೇ ಆರೋಗ್ಯಧಾಮ

ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯ ನೀರುಂಡ ನೆಲವೆಲ್ಲ ಕಬ್ಬಿನ ನೆಲವಾಗಿದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಈ ನದಿಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿನ ಹಿಂದೆ ತುಸು ವಿಶ್ರಮಿಸಿ, ಗೋಕಾಕದ ಬಳಿ ಬಂಡೆಯಿಂದ ಧುಮುಕಿ, ಬಯಲಿಗಿಳಿದು ಕೃಷ್ಣೆಯತ್ತ ಸಾಗುತ್ತದೆ. ಈ ಸೀಮೆಯ ಊರುಗಳಲ್ಲಿ ನಾಗನೂರವೂ ಒಂದು. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದ ಈ ಊರು ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಚಳಿಗಾಲ ಬಂತೆಂದರೆ ಕಬ್ಬು ಹೇರಿದ ಗಾಡಿಗಳೂ ಟ್ರ್ಯಾಕ್ಟರುಗಳೂ ದಾರಿಯುದ್ದಕ್ಕೂ ಸಾಲುಗಟ್ಟುತ್ತವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಪರಿಮಳವು ಹೊಲದಿಂದ ಹೊಲಕ್ಕೆ ಹಬ್ಬುತ್ತದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲಗಳನ್ನು ಕೂಡಿಸಿ ಮಾಡುವ ಗೋಕಾಕದ ಕರದಂಟಂತೂ ನಾಡಿನಲ್ಲೆಲ್ಲ ಹೆಸರಾಗಿದೆ.

ಇಂಥ ಸಿಹಿಯ ಸೀಮೆಯಲ್ಲಿ ಹೊತ್ತು ಹೊತ್ತಿಗೂ ಸಕ್ಕರೆಯ ಲೆಕ್ಕವಿಡಬೇಕಾದ ಬಾಲಕನೊಬ್ಬನಿದ್ದರೆ ಅವನ ಮನೆಯವರ ಬಾಳು ಹೇಗಿದ್ದೀತು? ಅಂಥದೊಂದು ಮನೆಯನ್ನು ಬಗೆಗಣ್ಣಿನ ಮುಂದೆ ತಂದುಕೊಳ್ಳಬಹುದು. ಅದು ಇಂಥವರ ಮನೆಯೇ ಎಂದು ಬೆರಳಿಟ್ಟು ತೋರುವಂತಿಲ್ಲ. ನಾಗನೂರದಲ್ಲಿಯೂ ಅದು ಇರಬಹುದು, ಬೇರಾವುದೇ ಊರಿನಲ್ಲಿಯೂ ಇರಬಹುದು. ಬಾಲ್ಯದ ಮಧುಮೇಹಕ್ಕೆ ಗುರಿಯಾದ ಮಕ್ಕಳಿರುವ ಎಷ್ಟೋ ಮನೆಗಳ ಕಷ್ಟಸುಖಗಳು ಆ ಒಂದು ಮನೆಯಲ್ಲಿ ಕಾಣುತ್ತವೆ.

ಆ ಮನೆಯಲ್ಲಿ ಆರು ಮಂದಿ. ತಂದೆ ಮೂರು ಎಕರೆ ಹೊಲದ ರೈತ. ತಾಯಿ ಮನೆಗೆಲಸವನ್ನೂ ಎರಡು ಎಮ್ಮೆಗಳ ಹೈನವನ್ನೂ ನೋಡಿಕೊಳ್ಳುವವಳು. ಅಜ್ಜಿಗೆ ರಕ್ತದೊತ್ತಡ, ದಿನಕ್ಕೊಂದು ಗುಳಿಗೆ ತಪ್ಪುವಂತಿಲ್ಲ. ಮಕ್ಕಳು ಮೂವರು. ಹಿರಿಯ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುವವಳು, ಮಗ ಮೂರನೆಯ ತರಗತಿಯವನು, ಕೊನೆಯದು ಈಗಷ್ಟೇ ಹೆಜ್ಜೆಯಿಡುತ್ತಿರುವ ಕೂಸು. ಕೂಸಿಗೆ ಅಂಗನವಾಡಿಯಲ್ಲಿ ಲಸಿಕೆಯ ದಿನಗಳಿವೆ. ಬೆಳಗಿನ ಐದು ಗಂಟೆಗೆ ಎದ್ದ ತಾಯಿಯು ರಾತ್ರಿ ಹತ್ತಕ್ಕೆ ನೆಲಕ್ಕೆ ಬೆನ್ನು ಹಚ್ಚಿದರೆ ಅದೇ ಹೆಚ್ಚು. ಇಂಥ ತುಂಬಿದ ಮನೆಗೆ ಒಂದು ಮಳೆಗಾಲದಲ್ಲಿ ಕರೆಯದೆ ಬಂದ ಅತಿಥಿಯಂತೆ ಆ ರೋಗವು ಬಂದಿತು.

ಮೊದಲು ಅದನ್ನು ಯಾರೂ ಗುರುತಿಸಲಿಲ್ಲ. ಹುಡುಗನು ಎಷ್ಟು ನೀರು ಕುಡಿದರೂ ಬಾಯಾರಿಕೆ ಎನ್ನುತ್ತಿದ್ದನು. ತರಗತಿಯಿಂದ ಪದೇ ಪದೇ ಹೊರಗೆ ಹೋಗುತ್ತಿದ್ದನು. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಎಂದೋ ಬಿಟ್ಟಿದ್ದವನು ಮತ್ತೆ ಮಾಡತೊಡಗಿದನು. ಎರಡು ರೊಟ್ಟಿ ತಿನ್ನುವಲ್ಲಿ ನಾಲ್ಕು ತಿಂದರೂ ಅವನ ಮೈ ದಿನದಿನಕ್ಕೆ ಇಳಿಯುತ್ತಿತ್ತು. “ಹುಡುಗಗ ಯಾರದೋ ದಿಷ್ಟಿ ತಾಗೇತಿ” ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಬಚ್ಚಲಿನ ಬಳಿ ಸಾಲುಗಟ್ಟಿದ ಇರುವೆಗಳನ್ನು ತಾಯಿ ಕಂಡಳು. ಆದರೆ ಅದರ ಅರ್ಥ ಆಕೆಗೆ ಹೊಳೆಯಲಿಲ್ಲ. ಮೂರು ವಾರಗಳ ಮೇಲೆ ಒಂದು ಮುಂಜಾನೆ ಹುಡುಗನು ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ, ಕರೆದರೆ ಸರಿಯಾಗಿ ಓಗೊಡದಂತಾದನು. ಅವನ ಉಸಿರಿಗೆ ಕೊಳೆತ ಹಣ್ಣಿನ ವಾಸನೆಯಿತ್ತು. ಊರಿನ ಆಶಾ ಕಾರ್ಯಕರ್ತೆಯು ಒಡನೆಯೇ 108ಕ್ಕೆ ಕರೆ ಮಾಡಿಸಿದಳು. ಆ ವಾಹನದಲ್ಲಿ ಹುಡುಗನು ಬೆಳಗಾವಿಯ ಆಸ್ಪತ್ರೆಯನ್ನು ತಲುಪಿದನು. ಇನ್ನೊಂದು ಹಗಲು ತಡವಾಗಿದ್ದರೆ ಅವನು ಉಳಿಯುತ್ತಿರಲಿಲ್ಲ.

ಎರಡು ದಿನ ಅವನ ನರಕ್ಕೆ ಹನಿಹನಿಯಾಗಿ ದ್ರವವನ್ನೂ ಇನ್ಸುಲಿನ್ನನ್ನೂ ಕೊಟ್ಟರು. ಮೂರನೆಯ ದಿನ ಅವನು ಎದ್ದು ಕುಳಿತು, “ಅವ್ವಾ, ಹಸಿವು” ಎಂದನು. ಆಗ ವೈದ್ಯರು ತಂದೆತಾಯಿಗಳನ್ನು ಕೂರಿಸಿಕೊಂಡು ಹೇಳಿದರು: “ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ. ಮಗು ಬೆಲ್ಲ ತಿಂದದ್ದರಿಂದ ಬಂದದ್ದೂ ಅಲ್ಲ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಇದಲ್ಲ. ಇದನ್ನು ಪೂರ್ತಿಯಾಗಿ ವಾಸಿಮಾಡುವ ಮದ್ದು ನಮ್ಮಲ್ಲಿಲ್ಲ. ಆದರೆ ದಿನವೂ ತಪ್ಪದೆ ಇನ್ಸುಲಿನ್ ಕೊಟ್ಟರೆ ಇವನು ಎಲ್ಲರಂತೆ ಓದಬಹುದು, ಆಡಬಹುದು, ದುಡಿಯಬಹುದು. ಇನ್ನು ಮುಂದೆ ಇವನ ಆಸ್ಪತ್ರೆ ನಿಮ್ಮ ಮನೆಯೇ.”

ವೈದ್ಯರ ಆ ಮಾತು ತಿಳಿಯಬೇಕಾದರೆ ರೋಗದ ಬಗೆಯನ್ನು ಅರಿಯಬೇಕು. ನಾವು ಉಂಡ ಅನ್ನ, ರೊಟ್ಟಿಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ರಕ್ತದಲ್ಲಿರುವ ಸಕ್ಕರೆಯು ಜೀವಕೋಶಗಳ ಒಳಹೊಕ್ಕು ಶಕ್ತಿಯಾಗಬೇಕಾದರೆ ಬಾಗಿಲು ತೆರೆಯುವ ಕೀಲಿಕೈಯೊಂದು ಬೇಕು. ಆ ಕೀಲಿಕೈಯೇ ಇನ್ಸುಲಿನ್. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಹರಡಿರುವ ಕೆಲವು ಕೋಶಗಳು ಇದನ್ನು ತಯಾರಿಸುತ್ತವೆ. ಬಾಲ್ಯದಲ್ಲಿ ಹೆಚ್ಚಾಗಿ ಕಾಣುವ ಮಧುಮೇಹದಲ್ಲಿ, ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಕೋಶಗಳನ್ನು ನಾಶಮಾಡುತ್ತದೆ. ಆಗ ರಕ್ತದಲ್ಲಿ ಸಕ್ಕರೆ ತುಂಬಿ ಹರಿದರೂ ಕೋಶಗಳು ಉಪವಾಸ ಬೀಳುತ್ತವೆ. ಮಿಕ್ಕ ಸಕ್ಕರೆಯು ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಹುಡುಗನ ಬಾಯಾರಿಕೆಗೂ ಮೈ ಇಳಿದುದಕ್ಕೂ ಬಚ್ಚಲಿನ ಇರುವೆಗಳಿಗೂ ಇದೇ ಕಾರಣ.

ಚರಕ, ಸುಶ್ರುತರ ಕಾಲದಷ್ಟು ಹಿಂದೆಯೇ ನಮ್ಮ ದೇಶದ ವೈದ್ಯರು ಈ ರೋಗವನ್ನು ಬಲ್ಲವರಾಗಿದ್ದರು. ಮಧುಮೇಹ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಆದರೆ ರೋಗವನ್ನು ಬಲ್ಲವರಿದ್ದರೂ ಮಕ್ಕಳನ್ನು ಉಳಿಸುವ ಉಪಾಯ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿಯು ಮೇದೋಜೀರಕ ಗ್ರಂಥಿಯ ದ್ವೀಪಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ವಾನ್ ಮೆರಿಂಗ್ ಎಂಬಿಬ್ಬರು ಆ ಗ್ರಂಥಿಯನ್ನು ತೆಗೆದ ನಾಯಿಗೆ ಮಧುಮೇಹ ಬರುವುದನ್ನು ತೋರಿಸಿದರು. 1921ರ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರಾಧ್ಯಾಪಕ ಮ್ಯಾಕ್ಲಿಯಡ್ಡನ ಪ್ರಯೋಗಶಾಲೆಯಲ್ಲಿ ಆ ಗ್ರಂಥಿಯ ಸತ್ತ್ವವನ್ನು ಬೇರ್ಪಡಿಸಿದರು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಶುದ್ಧಿಮಾಡಿದನು. 1922ರ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಹೆಚ್ಚಿನ ಫಲ ಕಾಣಲಿಲ್ಲ. ಹನ್ನೆರಡು ದಿನಗಳ ಮೇಲೆ, ಇನ್ನಷ್ಟು ಶುದ್ಧವಾದ ಮದ್ದನ್ನು ಕೊಟ್ಟಾಗ ಹುಡುಗನು ಚೇತರಿಸಿಕೊಂಡನು. ಮುಂದೆ ಹದಿಮೂರು ವರ್ಷ ಅವನು ಬದುಕಿದನು. 1923ರ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ಡರಿಗೆ ಬಂದಾಗ, ಅವರು ಅದರ ಹಣವನ್ನು ಬೆಸ್ಟ್ ಮತ್ತು ಕಾಲಿಪ್ಪರೊಡನೆ ಹಂಚಿಕೊಂಡರು. ಮದ್ದಿನ ಹಕ್ಕು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೇವಲ ನಾಮಮಾತ್ರದ ಬೆಲೆಗೆ ಹೋಯಿತು. ಬ್ಯಾಂಟಿಂಗನ ಜನ್ಮದಿನವಾದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನವಾಗಿದೆ. ನಮ್ಮ ದೇಶದಲ್ಲಿ ಅದೇ ದಿನ ಮಕ್ಕಳ ದಿನಾಚರಣೆಯೂ ನಡೆಯುವುದು ಎಷ್ಟೊಂದು ಅರ್ಥಪೂರ್ಣ!

ಆದರೆ ಟೊರಾಂಟೊದಲ್ಲಿ ಕಂಡುಹಿಡಿದ ಮದ್ದು ಶೀಶೆಯಲ್ಲಿದ್ದ ಮಾತ್ರಕ್ಕೆ ನಾಗನೂರದ ಹುಡುಗನು ಬದುಕಲಾರನು. ಅದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ, ದಿನವೂ ಅವನ ಮೈಯನ್ನು ಸೇರಬೇಕು. ವಿಜ್ಞಾನಿಗಳು ಮುಗಿಸಿದ ಕೆಲಸವು ಮನೆಯಲ್ಲಿ ಮತ್ತೆ ದಿನಾಲು ಮೊದಲಾಗುತ್ತದೆ.

ಆಸ್ಪತ್ರೆಯಿಂದ ಮರಳಿದ ಮೇಲೆ ಆ ಮನೆಯ ಗಡಿಯಾರವೇ ಬದಲಾಯಿತು. ಬೆಳಿಗ್ಗೆ ಏಳಕ್ಕೆ ಹುಡುಗನ ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿನ ಪಟ್ಟಿಗೆ ಸೋಕಿಸಬೇಕು. ಅದರಲ್ಲಿ ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಬಳಿಕ ಇನ್ಸುಲಿನ್. ವೈದ್ಯರು ಎರಡು ಬಗೆಯ ಇನ್ಸುಲಿನ್ ಬರೆದುಕೊಟ್ಟಿದ್ದರು; ಒಂದು ತಿಳಿ, ಇನ್ನೊಂದು ಮಬ್ಬು. ಮಬ್ಬಿನ ಶೀಶೆಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಒಂದೇ ಸಿರಿಂಜಿಗೆ ಎರಡನ್ನೂ ಎಳೆಯುವಾಗ ತಿಳಿಯದು ಮೊದಲು, ಮಬ್ಬಿನದು ಆಮೇಲೆ. ಶೀಶೆಯ ಮೇಲೆ 40 ಎಂದಿದ್ದರೆ ಕೆಂಪು ಟೊಪ್ಪಿಗೆಯ, 40ರ ಗುರುತುಳ್ಳ ಸಿರಿಂಜೇ ಬೇಕು. 100ರ ಸಿರಿಂಜನ್ನು ಹಿಡಿದರೆ ಅಳತೆ ತಪ್ಪಿ ಮಗುವಿನ ಜೀವಕ್ಕೆ ಅಪಾಯ. ಒಂದೇ ಜಾಗದಲ್ಲಿ ದಿನವೂ ಚುಚ್ಚಿದರೆ ಅಲ್ಲಿ ಗಂಟುಕಟ್ಟಿ ಮದ್ದು ಸರಿಯಾಗಿ ಹೀರುವುದಿಲ್ಲ. ಆದ್ದರಿಂದ ಇಂದು ತೊಡೆಗೆ, ನಾಳೆ ಹೊಟ್ಟೆಗೆ, ನಾಡಿದ್ದು ತೋಳಿಗೆ ಎಂದು ಸರತಿ.

ತಿಳಿ ಇನ್ಸುಲಿನ್ ಚುಚ್ಚಿದ ಅರ್ಧ ಗಂಟೆಗೆ ಹುಡುಗನು ಊಟ ಮಾಡಲೇಬೇಕು. ಈ ಒಂದು ನಿಯಮವು ಅಡುಗೆಮನೆಯನ್ನೆಲ್ಲ ಆಳತೊಡಗಿತು. ಹಿಂದೆ ಒಲೆ ಹತ್ತದಿದ್ದರೆ ಊಟ ಹತ್ತು ನಿಮಿಷ ತಡವಾಗುತ್ತಿತ್ತು, ಅಷ್ಟೆ. ಈಗ ಸೂಜಿ ತಾಕಿದ ಮೇಲೆ ಒಲೆ ಮುನಿಯುವಂತಿಲ್ಲ, ಎಮ್ಮೆ ಹಗ್ಗ ಹರಿಯುವಂತಿಲ್ಲ, ಕೂಸು ಅಳುವಂತಿಲ್ಲ. ಆದರೆ ಒಲೆಯೂ ಎಮ್ಮೆಯೂ ಕೂಸೂ ಇದನ್ನು ಬಲ್ಲವೆ? ಅದಕ್ಕಾಗಿ ತಾಯಿಯು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಳು: ಹಿಟ್ಟು ನಾದಿ, ಪಲ್ಯ ಇಳಿಸಿ, ಹಂಚು ಕಾಯಿಸಿದ ಮೇಲೆಯೇ ಸಿರಿಂಜು ಕೈಗೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಇವೇ ಅವನ ಊಟ. ಹತ್ತೂವರೆಗೆ ಶಾಲೆಯಲ್ಲಿ ಒಂದಿಷ್ಟು ಹುರಿದ ಕಡಲೆ ಅಥವಾ ಹಣ್ಣು, ಮಧ್ಯಾಹ್ನ ಬಿಸಿಯೂಟ, ಸಂಜೆ ಮತ್ತೆ ಬೆರಳು, ಮತ್ತೆ ಸೂಜಿ, ಮತ್ತೆ ರೊಟ್ಟಿ, ಮಲಗುವಾಗ ಒಂದು ಲೋಟ ಹಾಲು.

ಇನ್ಸುಲಿನ್ ಬಿಸಿಲನ್ನೂ ತಾಳದು, ಹೆಪ್ಪುಗಟ್ಟುವ ಚಳಿಯನ್ನೂ ತಾಳದು. ತೆರೆಯದ ಶೀಶೆಗಳನ್ನು ಓಣಿಯಾಚೆಯ ಕಾಕಾನ ಮನೆಯ ಫ್ರಿಜ್ಜಿನಲ್ಲಿ, ಬರ್ಫ ಕಟ್ಟುವ ಅರೆಯಿಂದ ದೂರವಾಗಿ ಬಾಗಿಲ ಬದಿಯಲ್ಲಿ ಇರಿಸಿದರು. ಬಳಕೆಯ ಶೀಶೆಗೆ ಅಜ್ಜಿಯೇ ಮನೆ ಕಟ್ಟಿಕೊಟ್ಟಳು. ದೊಡ್ಡದೊಂದು ಮಣ್ಣಿನ ಗಡಿಗೆಯಲ್ಲಿ ಉಸುಕು ತುಂಬಿ, ನೀರು ಹನಿಸಿ, ಅದರ ನಡುವೆ ಚಿಕ್ಕ ಮಗಿಯೊಂದನ್ನು ಹೂತು, ಮೇಲೆ ಒದ್ದೆ ಅರಿವೆ ಮುಚ್ಚಿದಳು. ನೀರು ಆರುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ವಿದ್ಯುತ್ತು ಹೋದ ವೈಶಾಖದ ಮಧ್ಯಾಹ್ನದಲ್ಲಿಯೂ ಮಗಿ ತಂಪಾಗಿರುತ್ತದೆ. ತಾಮ್ರದ ಕೊಡ ಬರುವ ಮೊದಲು ಕುಡಿಯುವ ನೀರನ್ನು ತಣ್ಣಗಿಡಲು ಆಕೆಯ ಅತ್ತೆ ಮಾಡುತ್ತಿದ್ದ ಉಪಾಯವೇ ಅದು. ಓದುಬರಹ ಕಲಿಯದ ಮುದುಕಿಯ ಆ ತಿಳಿವಳಿಕೆ ವೈದ್ಯರನ್ನೂ ಮೆಚ್ಚಿಸಿತು. ತೆರೆದ ಶೀಶೆಯನ್ನು ಸುಮಾರು ನಾಲ್ಕು ವಾರಗಳಿಗಿಂತ ಹೆಚ್ಚು ಬಳಸಬಾರದೆಂದು ಅವರು ಎಚ್ಚರಿಸಿದರು. ತೆರೆದ ದಿನವನ್ನು ಮೊಮ್ಮಗಳು ಶೀಶೆಯ ಮೇಲೆ ಬರೆದಿಡುತ್ತಿದ್ದಳು.

ಎಲ್ಲವೂ ಹೀಗೆ ಸಾಗುತ್ತಿರುವಾಗ ಯಾರ ಗಮನಕ್ಕೂ ಬಾರದಂತೆ ಇನ್ನೊಂದು ಹಾನಿ ಆ ಮನೆಯಲ್ಲಿ ಬೆಳೆಯುತ್ತಿತ್ತು. ಅಂಕಿ ಬರೆಯುವವಳು ಮಗಳು, ತಾಯಿ ಹಾಲು ಹಿಂಡುವಾಗ ಕೂಸನ್ನು ಎತ್ತಿಕೊಳ್ಳುವವಳು ಮಗಳು, ಅಜ್ಜಿಯ ಗುಳಿಗೆ ನೆನಪಿಸುವವಳು ಮಗಳು, ತಮ್ಮನ ತಿಂಡಿಯನ್ನು ಅವನ ಶಾಲೆಗೆ ಒಯ್ಯುವವಳೂ ಮಗಳೇ. ತಂದೆತಾಯಿ ತಿಂಗಳಿಗೊಮ್ಮೆ ಬೆಳಗಾವಿಗೆ ಹೋದ ದಿನವಂತೂ ಇಡೀ ಮನೆಯೇ ಅವಳ ಮೇಲೆ. ಮೊದಲು ವಾರಕ್ಕೊಂದು ದಿನ ಶಾಲೆ ತಪ್ಪಿತು, ಆಮೇಲೆ ಎರಡು, ಆಮೇಲೆ ಮೂರು. “ಅಕ್ಕ ಶಾಣೇಕಿ, ತಮ್ಮನ್ನ ಎಷ್ಟು ಚಲೋ ನೋಡಿಕೋತಾಳ” ಎಂದು ಓಣಿಯವರು ಹೊಗಳಿದರು. ಆ ಹೊಗಳಿಕೆಯೇ ಅವಳ ಬಾಯಿ ಕಟ್ಟಿತು. ಗಣಿತದ ಪುಸ್ತಕವು ಚೀಲದಿಂದ ಹೊರಬಾರದೆ ತಿಂಗಳು ಕಳೆಯಿತು. ರೋಗ ಬಂದದ್ದು ತಮ್ಮನಿಗಾದರೂ ಸೊರಗಿದ್ದು ಅಕ್ಕನ ಓದು.

ಒಂದು ಸಂಜೆ ಅವಳ ತರಗತಿಯ ಅಧ್ಯಾಪಿಕೆಯು ಹಾಜರಿ ಪುಸ್ತಕವನ್ನು ಹಿಡಿದು ಮನೆಗೆ ಬಂದರು. ತಾಯಿಯು ಕಣ್ಣೀರು ಒರೆಸಿಕೊಂಡು ಹೇಳಿದಳು: “ಹುಡುಗನ ಸೂಜಿ, ಕೂಸಿನ ಆರೈಕಿ, ಅತ್ತಿಯ ಗುಳಿಗಿ, ಒಲಿ, ಎಮ್ಮಿ, ಇಷ್ಟೆಲ್ಲಾ ಒಬ್ಬಾಕಿ ನನ್ನಿಂದ ಹ್ಯಾಂಗ ಆಗಬೇಕರಿ?”

“ಒಬ್ಬರಿಂದ ಆಗುವ ಕೆಲಸ ಇದಲ್ಲ, ತಾಯೀ. ನಿಮ್ಮ ಮಾತು ನಿಜ. ಆದರೆ ಆರು ಮಂದಿಯ ಮನೆಯಲ್ಲಿ ಇಬ್ಬರೇ ಏಕೆ ಹೊರಬೇಕು? ಯಾರು ಯಾರು ಏನೇನು ಮಾಡಬಲ್ಲರೆಂದು ಇಂದು ಬರೆದು ನೋಡೋಣ” ಎಂದರು ಅಧ್ಯಾಪಿಕೆ.

ಆ ರಾತ್ರಿ ಪಡಸಾಲೆಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ಮನೆಯ ಕೆಲಸಗಳನ್ನೆಲ್ಲ ಬರೆದರು. ಬರೆಯುವವರೆಗೆ ಅವು ಎಷ್ಟೆಂದು ಯಾರಿಗೂ ತಿಳಿದಿರಲಿಲ್ಲ. ಬರೆದಾಗ ಹಾಳೆಯ ಎರಡೂ ಬದಿ ತುಂಬಿತು. ತಂದೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದನು. ಸೂಜಿ ಎಂದರೆ ಅವನಿಗೆ ಅಂಜಿಕೆ. ಮಗನ ಮೈಗೆ ಚುಚ್ಚುವುದನ್ನು ನೋಡಲಾರದೆ ಆ ಹೊತ್ತಿಗೆ ಅವನು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನು. “ಮುಂಜಾನಿ ಸೂಜಿ ನನ್ನ ಪಾಲಿಗೆ ಬರೀ” ಎಂದು ಕೊನೆಗೆ ಅವನೇ ಹೇಳಿದನು. ಮೊದಲ ದಿನ ಅವನ ಕೈ ನಡುಗಿತು. “ಅಪ್ಪಾ, ಅಂಜಬ್ಯಾಡ. ನನಗೇನೂ ಆಗೂದಿಲ್ಲ” ಎಂದು ಮಗನೇ ಧೈರ್ಯ ಹೇಳಿದನು. ಗಡಿಗೆಗೆ ನೀರು ಹನಿಸುವುದೂ ಕೂಸನ್ನು ಅಂಗನವಾಡಿಗೆ ಒಯ್ಯುವುದೂ ಅಜ್ಜಿಯ ಪಾಲಾಯಿತು. ಆಕೆಯ ಗುಳಿಗೆಯನ್ನು ಗಡಿಗೆಯ ಪಕ್ಕದ ಮಾಡದಲ್ಲಿಯೇ ಇಟ್ಟುದರಿಂದ ಅದನ್ನು ನೆನಪಿಸುವವರು ಬೇಕಾಗಲಿಲ್ಲ. ತಿಂಡಿಯ ಡಬ್ಬಿಯನ್ನು ಬೆಳಿಗ್ಗೆಯೇ ಚೀಲಕ್ಕೆ ಹಾಕಿದರೆ ಅಕ್ಕನು ಅದನ್ನು ಒಯ್ಯಬೇಕಾದ ಕಾರಣವಿರಲಿಲ್ಲ. ಬೆರಳು ಚುಚ್ಚಿಕೊಂಡು ಅಂಕಿ ಓದುವುದನ್ನು ಹುಡುಗನೇ ಕಲಿತನು. ಅಕ್ಕನಿಗೆ ಉಳಿದದ್ದು ಸಂಜೆಯ ಪುಸ್ತಕದ ಲೆಕ್ಕ ಒಂದೇ. ಮರುದಿನದಿಂದ ಅವಳು ಶಾಲೆ ತಪ್ಪಿಸಲಿಲ್ಲ.

ಈ ರೋಗದ ಇನ್ನೊಂದು ಮುಖವನ್ನೂ ಅರಿಯಬೇಕು. ಇನ್ಸುಲಿನ್ ಹೆಚ್ಚಾದರೆ, ಊಟ ತಡವಾದರೆ, ಅಥವಾ ಎಂದಿಗಿಂತ ಹೆಚ್ಚು ಆಡಿ ದಣಿದರೆ ರಕ್ತದ ಸಕ್ಕರೆಯು ತೀರ ಇಳಿದುಹೋಗುತ್ತದೆ. ಆಗ ಬೆವರು, ನಡುಕ, ಹಸಿವು, ತಲೆಸುತ್ತು ಕಾಣಿಸಿಕೊಂಡು, ಮಾತು ತೊದಲಿ, ಕೊನೆಗೆ ಎಚ್ಚರ ತಪ್ಪುತ್ತದೆ. ಸಕ್ಕರೆಯ ರೋಗಿಗೆ ಸಕ್ಕರೆಯೇ ಪ್ರಾಣ ಉಳಿಸುವ ಗಳಿಗೆ ಅದು. ಗಣರಾಜ್ಯೋತ್ಸವದ ಕವಾಯತಿನ ಅಭ್ಯಾಸದ ದಿನ, ಬಿಸಿಲಿನಲ್ಲಿ ನಿಂತಿದ್ದ ಹುಡುಗನು ಬೆವೆತು, ಬಿಳಿಚಿಕೊಂಡು, ಏನೇನೋ ಮಾತನಾಡತೊಡಗಿದನು. ಬಿಸಿಲು ಬಡಿದಿದೆ ಎಂದರು ಕೆಲವರು; ಏನೋ ಕಂಡು ಹೆದರಿದ್ದಾನೆ ಎಂದರು ಕೆಲವರು. ಅವನ ಪಕ್ಕದಲ್ಲಿ ನಿಂತಿದ್ದ ಗೆಳೆಯನು ಮಾತ್ರ ಮಾತಾಡಲಿಲ್ಲ. ಅವನ ಕಿಸೆಗೆ ಕೈಹಾಕಿ, ಕಾಗದದಲ್ಲಿ ಸುತ್ತಿಟ್ಟಿದ್ದ ಬೆಲ್ಲದ ಚೂರನ್ನು ತೆಗೆದು ಬಾಯಿಗಿಟ್ಟನು. ಅಷ್ಟರಲ್ಲಿ ಗುರುಗಳು ಸಕ್ಕರೆ ಕರಗಿಸಿದ ನೀರು ತಂದು ಕುಡಿಸಿದರು. ಹದಿನೈದು ನಿಮಿಷಗಳಲ್ಲಿ ಹುಡುಗನು ಸುಧಾರಿಸಿಕೊಂಡು, ಬಿಸಿಯೂಟಕ್ಕೆ ಎಲ್ಲರೊಡನೆ ಕುಳಿತನು.

ಗೆಳೆಯನಿಗೆ ಇದು ಹೇಗೆ ತಿಳಿದಿತ್ತು? ಹುಡುಗನು ಆಸ್ಪತ್ರೆಯಿಂದ ಬಂದ ವಾರದಲ್ಲಿಯೇ ಗುರುಗಳು ತರಗತಿಗೆ ಎಲ್ಲವನ್ನೂ ತಿಳಿಸಿಹೇಳಿದ್ದರು. ರೋಗವನ್ನು ಬಚ್ಚಿಡಬೇಕೆಂದು ಮನೆಯಲ್ಲಿ ಮೊದಲು ಯೋಚಿಸಿದ್ದುಂಟು. ಬಚ್ಚಿಟ್ಟಿದ್ದರೆ ಆ ದಿನ ಕಿಸೆಯಲ್ಲಿದ್ದ ಬೆಲ್ಲವು ಕಿಸೆಯಲ್ಲಿಯೇ ಉಳಿಯುತ್ತಿತ್ತು. ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯ ನೀರು ಬೇಗ ಗುಣ ಕೊಡುತ್ತದೆ. ಅದಿಲ್ಲದಾಗ ಬೆಲ್ಲವೂ ಆಗುತ್ತದೆ. ಆದರೆ ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಇದು ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿತಿರಬೇಕಾದ ಸಂಗತಿ.

ಹಿತವಚನ ಹೇಳುವವರಿಗೆ ಊರಿನಲ್ಲಿ ಕೊರತೆಯಿಲ್ಲ. “ಸೂಜಿ ಬಿಡಿಸಿರಿ, ಬೇರಿನ ರಸ ಕುಡಿಸಿರಿ, ಸಕ್ಕರಿ ಬ್ಯಾನಿ ಬುಡಸಹಿತ ಹೋಗತೈತಿ” ಎಂದು ಒಬ್ಬರು ಒತ್ತಾಯಿಸಿದರು. ತಾಯಿಯ ಮನಸ್ಸು ಒಂದು ಕ್ಷಣ ತೂಗಾಡಿತು. ಮಗನ ಮೈಗೆ ದಿನವೂ ಎರಡು ಸಲ ಸೂಜಿ ತಾಕುವುದನ್ನು ಯಾವ ತಾಯಿ ಬಯಸುತ್ತಾಳೆ? ಆದರೆ ಆಸ್ಪತ್ರೆಯ ಆ ಮುಂಜಾನೆಯ ಏದುಸಿರು ಆಕೆಯ ಕಿವಿಯಲ್ಲಿತ್ತು. ಈ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಜ್ವರ ಬಂದು ಊಟ ಸೇರದಿದ್ದ ದಿನವೂ ವೈದ್ಯರನ್ನು ಕೇಳಿ ಅಳತೆ ಬದಲಿಸಬೇಕೇ ಹೊರತು ಪೂರ್ತಿ ಬಿಡುವಂತಿಲ್ಲ.

ಶ್ರಾವಣದಲ್ಲಿ ನಾಗರ ಪಂಚಮಿ ಬಂದಿತು. ಓಣಿಯ ಮರಗಳಿಗೆಲ್ಲ ಜೋಕಾಲಿ ಕಟ್ಟಿದರು. ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಈ ಸಲ ಉಂಡಿ ಕಟ್ಟುವುದೇ ಬೇಡವೆಂದಳು ತಾಯಿ. ಅವನಿಗೆ ಬೇರೆ ಮಾಡಿ ಬೇರೆ ಕೂರಿಸೋಣವೆಂದಳು ಅಜ್ಜಿ. ಅಕ್ಕ ತಮ್ಮನ ಪುಸ್ತಕವನ್ನು ತಂದು, ವೈದ್ಯರ ಬರಹವನ್ನು ಓದಿ ತೋರಿಸಿದಳು. ಹಬ್ಬದ ದಿನ ಒಂದು ಚಿಕ್ಕ ಉಂಡಿಯನ್ನು ಊಟದ ಲೆಕ್ಕಕ್ಕೆ ಹಿಡಿದು, ರೊಟ್ಟಿಯನ್ನು ಅಷ್ಟು ಕಡಿಮೆ ಮಾಡಿ ಕೊಡಬಹುದೆಂದು ಅದರಲ್ಲಿತ್ತು. ಉಂಡಿಗಳೆಲ್ಲ ಎಂದಿಗಿಂತ ಚಿಕ್ಕವಾದವು. ಎಲ್ಲರಿಗೂ ಅದೇ ಅಳತೆ. ಹುಡುಗನು ಆರು ಮಂದಿಯ ಸಾಲಿನಲ್ಲಿಯೇ ಕುಳಿತು ತನ್ನ ಉಂಡಿಯನ್ನು ತಿಂದು ಜೋಕಾಲಿಗೆ ಓಡಿದನು. ಅಂದು ಅವನು ಬಹಳ ಆಡಿದ್ದರಿಂದ, ನಡುರಾತ್ರಿ ತಾಯಿ ಎದ್ದು ಅವನ ಹಣೆ ಮುಟ್ಟಿ ನೋಡಿದಳು. ಬೆವರಿರಲಿಲ್ಲ. ಆದರೂ ಬೆರಳ ಹನಿಯನ್ನು ಪಟ್ಟಿಗೆ ಸೋಕಿಸಿ, ಅಂಕಿ ಸರಿಯಾಗಿದೆಯೆಂದು ಕಂಡು, ಪುಸ್ತಕದಲ್ಲಿ ಬರೆದು ಮಲಗಿದಳು. ಹುಡುಗನಿಗೆ ಎಚ್ಚರವೇ ಆಗಲಿಲ್ಲ.

ನಾಗನೂರದ ಸೀಮೆಗೆ ಆರೋಗ್ಯಧಾಮ ಎಂಬ ಮಾತು ಹೊಸದಲ್ಲ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರು ಗೋಕಾಕ ತಾಲ್ಲೂಕಿನ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದ ಸೇವೆಯಲ್ಲಿ ತೊಡಗಿದ್ದರು. ಶಿಸ್ತು ಮತ್ತು ಸೇವೆ ಬೇರೆ ಬೇರೆಯಲ್ಲ ಎಂಬುದನ್ನು ಅಂಥವರ ಬಾಳು ತೋರಿಸಿತು. ಮಾಡದಲ್ಲಿ ಗಡಿಗೆ, ಗೋಡೆಯ ಮೇಲೆ ಕೆಲಸಗಳ ಹಾಳೆ, ಮೊಳೆಗೆ ತೂಗುಹಾಕಿದ ಅಂಕಿಗಳ ಪುಸ್ತಕ, ಹುಡುಗನ ಕಿಸೆಯಲ್ಲಿ ಬೆಲ್ಲದ ಚೂರು: ಇವಿಷ್ಟೇ ಆ ಮನೆಯ ಉಪಕರಣಗಳು. ರೋಗವು ಆ ಮನೆಯನ್ನು ಬಿಟ್ಟುಹೋಗಿಲ್ಲ. ಆದರೆ ತಮ್ಮನು ಆಡುತ್ತಿದ್ದಾನೆ, ಅಕ್ಕನು ಓದುತ್ತಿದ್ದಾಳೆ. ಹೊರೆಯನ್ನು ಹಂಚಿಕೊಂಡವರ ಮನೆಯೇ ಆರೋಗ್ಯಧಾಮ.

ಪದಗಳ ಅರ್ಥ

ಬಗೆಗಣ್ಣು – ಮನಸ್ಸೆಂಬ ಕಣ್ಣು
ಹೈನ – ಹಾಲು, ಮೊಸರು, ಬೆಣ್ಣೆಗಳ ಉತ್ಪನ್ನ
ಆಲೆಮನೆ – ಕಬ್ಬನ್ನು ಅರೆದು ಬೆಲ್ಲ ಮಾಡುವ ಸ್ಥಳ
ನಿವಾಳಿಸು – ದೃಷ್ಟಿದೋಷ ನೀಗಲೆಂದು ಇಳಿತೆಗೆ
ಸತ್ತ್ವ – ಸಾರ
ಉಸುಕು – ಮರಳು
ಮಗಿ – ಚಿಕ್ಕ ಮಣ್ಣಿನ ಪಾತ್ರೆ
ಮಾಡ – ಗೋಡೆಯಲ್ಲಿನ ಗೂಡು
ಶಾಣೇಕಿ – ಜಾಣೆ
ಬ್ಯಾನಿ – ಬೇನೆ, ರೋಗ
ಸಂಚಕಾರ – ಕೇಡು, ಅಪಾಯ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಇನ್ಸುಲಿನ್ ಶರೀರದ ಯಾವ ಗ್ರಂಥಿಯಲ್ಲಿ ತಯಾರಾಗುತ್ತದೆ?
2. ನವೆಂಬರ್ 14ರ ವಿಶೇಷವೇನು?
3. ಅಜ್ಜಿಯ ಗಡಿಗೆಯು ತಂಪಾಗಿರಲು ಕಾರಣವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸೂಜಿಯ ನಿಯಮವು ಅಡುಗೆಮನೆಯನ್ನು ಹೇಗೆ ಆಳಿತು?
2. ಓಣಿಯವರ ಹೊಗಳಿಕೆ ಅಕ್ಕನ ಬಾಯಿಯನ್ನು ಕಟ್ಟಿತು ಎಂಬುದರ ಅರ್ಥವೇನು?
3. ರೋಗವನ್ನು ಬಚ್ಚಿಟ್ಟಿದ್ದರೆ ಏನಾಗುತ್ತಿತ್ತು?

ಇ. ಸಂದರ್ಭ ಸಹಿತ ವಿವರಿಸಿರಿ.
1. “ಇನ್ನು ಮುಂದೆ ಇವನ ಆಸ್ಪತ್ರೆ ನಿಮ್ಮ ಮನೆಯೇ.”
2. “ಮುಂಜಾನಿ ಸೂಜಿ ನನ್ನ ಪಾಲಿಗೆ ಬರೀ.”

ಈ. ನಿಮ್ಮ ಮನೆಯಲ್ಲಿ ಒಂದು ದಿನ ನಡೆಯುವ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಅವುಗಳನ್ನು ಯಾರು ಯಾರು ಮಾಡುತ್ತಾರೆಂದು ಬರೆಯಿರಿ. ಆ ಹಂಚಿಕೆಯು ನ್ಯಾಯವಾಗಿದೆಯೇ? ವಿಚಾರಮಾಡಿರಿ.